ಅಂಚಿನಲ್ಲಿ ಅಂಕಿಯಿಲ್ಲದ ರೀಲು

ರೀಲು ತೊಳೆಯುವವನೆಂದೇ ಆ ಕೇರಿಗೆಲ್ಲ ಪರಿಚಿತನಾಗಿದ್ದ ಮುದುಕನ ಎರಡೂ ಕಣ್ಣಿಗೆ ಪೊರೆ ಕವಿದ ಮೇಲೆ, ಮನೆಯಲ್ಲಿ ಓದುವ ಕೆಲಸವೂ ಬರೆಯುವ ಕೆಲಸವೂ ಹೆಂಡತಿಯ ಪಾಲಿಗೆ ಬಂದವು. ಮೂವತ್ತೆರಡು ವರ್ಷ ಸ್ಟುಡಿಯೋದ ಕತ್ತಲಕೋಣೆಯಲ್ಲಿ ನಿಂತವರು ಈಗ ಅದನ್ನೇ ಮನೆಗೆ ತಂದುಕೊಂಡಿದ್ದಾರೆ ಎಂದು ಅವಳು ನೆಂಟರೆದುರು ಹಾಸ್ಯ ಮಾಡುವುದಿತ್ತು, ಅವನೂ ನಗುತ್ತಿದ್ದ.

ಆ ವಾರ ಅವಳು ಅವನಿಗೆ ಓದಿ ಹೇಳುತ್ತಿದ್ದುದು ಉದ್ದಕೋಟಿನಮ್ಮನ ಜೀವನಚರಿತ್ರೆ. ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಗೆದು ಮಡಿಸುತ್ತಲೇ ಆಯುಸ್ಸು ಸವೆಸಿದ ಒಂಟಿ ಹೆಂಗಸು ಆಕೆ. ಬೇಸಿಗೆಯಲ್ಲೂ ಮೈಮೇಲೆ ಉದ್ದನೆಯ ಕೋಟು, ಅದರೊಳಗೊಂದು ಕ್ಯಾಮೆರಾ. ಯಾರೊಡನೆಯೂ ಮಾತಿಲ್ಲ, ಕಥೆಯಿಲ್ಲ. ಸತ್ತ ಮೇಲೆ ಆಕೆಯ ಬಾಡಿಗೆ ಕೋಣೆಯ ಮಂಚದಡಿ ಬೀದಿಯ ಸಾವಿರಾರು ಚಿತ್ರಗಳು ದೊರೆತವು. ಬದುಕಿದ್ದಾಗ ತಿರುಗಿಯೂ ನೋಡದಿದ್ದವರು ಈಗ ಸಾಲುಗಟ್ಟಿ ನಿಂತು ನೋಡುತ್ತಿದ್ದರು. ಆ ಚಿತ್ರಗಳನ್ನೆಲ್ಲ ತೊಳೆದ ಕೈ ತನ್ನ ಗಂಡನದೆಂದು ಹೆಂಡತಿ ಅಕ್ಕಪಕ್ಕದ ಮನೆಗಳಲ್ಲೂ ವಾರಗಿತ್ತಿಯ ಬಳಿಯೂ ಹೇಳಿಕೊಂಡು ಬಂದಿದ್ದಳು. ಪುಸ್ತಕದಲ್ಲಿ ಅವನ ಪ್ರಸ್ತಾಪ ಎಲ್ಲಿ ಬರುತ್ತದೆಂದು ಪುಟಪುಟದಲ್ಲೂ ಹುಡುಕುತ್ತಿದ್ದಳು.

"ಕೋಟಿನ ಗುಂಡಿ ಬಗ್ಗೆ ಎರಡು ಪುಟ ಬರ್ದಿದ್ದಾರೆ. ನಿಮ್ಮ ಬಗ್ಗೆ ಎರಡು ಅಕ್ಷರ ಇಲ್ಲ ನೋಡಿ," ಎಂದಳು.

"ಗುಂಡಿ ಎದುರಿಗೇ ಕಾಣುತ್ತೆ ಕಣೇ. ನಾನು ಒಳಗಿದ್ದವನು."

ಒಂಬತ್ತನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ಸಂಗತಿಯಿತ್ತು. ಕೊನೆಯ ಹತ್ತು ವರ್ಷ ಆಕೆ ಚಿತ್ರ ತೆಗೆದಳು, ಆದರೆ ಒಂದು ರೀಲನ್ನೂ ತೊಳೆಸಲಿಲ್ಲ. ಹಾಗೆ ಉಳಿದ ರೀಲುಗಳು ನೂರಹನ್ನೆರಡು. ವರ್ಷಗಟ್ಟಲೆ ಬಿದ್ದಿದ್ದ ಅವನ್ನು ಈಗ ತೊಳೆದು ನೋಡಿದರೆ ಬರಿಯ ಮಂಜು. ಅವುಗಳ ಜೊತೆ ಒಂದು ಲಕೋಟೆಯಲ್ಲಿ, ಅದಕ್ಕೂ ಮೊದಲು ತೊಳೆಸಿದ್ದ, ಏನೂ ಮೂಡದ ಒಂದೇ ಒಂದು ಬೋಳು ರೀಲು. ಲಕೋಟೆಯ ಮೇಲೆ ಆಕೆಯ ಅಕ್ಷರ: 'ಸರಿಯಾಗಿ ಹಾಕಲಿಲ್ಲ. ತಪ್ಪು ನನ್ನದೇ.' ಅಲ್ಲಿಂದಾಚೆ ಫಲದ ಆಸೆಯನ್ನೇ ತೊರೆದ ವಿರಾಗಿಣಿ ಆಕೆ ಎಂದು ಚರಿತ್ರಕಾರ ಕೊಂಡಾಡಿದ್ದ.

ಮುದುಕ ನೆಟ್ಟಗೆ ಕುಳಿತ. ಆ ರೀಲಿನ ಚಿತ್ರ ಹಾಕಿದ್ದಾರೆಯೇ ಎಂದು ಕೇಳಿದ.

"ಹಾಕಿದ್ದಾರೆ."

"ಅಂಚಲ್ಲಿ ಸಣ್ಣ ಅಂಕಿ ಇದ್ಯಾ ನೋಡು."

ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಏನೂ ಇಲ್ಲ. ಗಾಜಿನ ಹಾಗಿದೆ. ಯಾಕೆ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೊಳ್ತೀರಿ?"

ಅವನು ನಗಲಿಲ್ಲ. ತಾನಾಗಿ ಬಾಯಿಬಿಟ್ಟ. ಅಂಚಿನ ಅಂಕಿಗಳು ಕಾರ್ಖಾನೆಯಲ್ಲೇ ಅಚ್ಚಾಗಿ ಬರುವಂಥವು. ಕ್ಯಾಮೆರಾದಲ್ಲಿ ರೀಲು ಸುತ್ತಿಕೊಳ್ಳದೆ ಒಂದು ಚಿತ್ರವೂ ಬೀಳದಿದ್ದರೂ, ತೊಳೆದಾಗ ಅವು ಮೂಡಲೇಬೇಕು. ಅವೂ ಮೂಡದಿದ್ದರೆ ತಪ್ಪು ತೆಗೆದವಳದಲ್ಲ, ತೊಳೆದವನದು. ಅಂದು ಹೊಸದಾಗಿ ಕಲಸಿದ ಡೆವಲಪರನ್ನು, ಅಂದರೆ ಚಿತ್ರ ಮೂಡಿಸುವ ದ್ರಾವಣವನ್ನು, ಒಂದು ಮದುವೆಯ ರೀಲಿಗೆಂದು ಎತ್ತಿಟ್ಟಿದ್ದ. ಬೀದಿಯ ಚಿತ್ರ ತಾನೇ ಎಂಬ ಸಸಾರದಿಂದ ಆಕೆಯ ರೀಲನ್ನು ಸತ್ವ ಸತ್ತ ಹಳೆಯದರಲ್ಲಿ ಅದ್ದಿದ. ಆಕೆ ಬಂದಾಗ, ರೀಲು ಹಾಕುವಾಗಲೇ ತಪ್ಪಾಗಿದೆ, ಅದು ಸುತ್ತಿಕೊಂಡೇ ಇಲ್ಲ ಎಂದುಬಿಟ್ಟ. ಆಕೆ ತಲೆ ತಗ್ಗಿಸಿ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ ಎಂದು ಅವನಿಗೇ ಹೇಳಿ ಹೋದಳು. ಮತ್ತೆ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ.

ಹೆಂಡತಿಗೆ ಮೊದಲು ನೆನಪಾದದ್ದು ಉದ್ದಕೋಟಿನಮ್ಮನಲ್ಲ, ವಾರಗಿತ್ತಿ.

ಪುಸ್ತಕದ ಕೊನೆಯಲ್ಲಿ ಚರಿತ್ರಕಾರನ ವಿಳಾಸವಿತ್ತು. ಕಾಗದ ತೆಗೆದುಕೋ ಎಂದ ಗಂಡ. ಸತ್ತವಳಿಗೆ ಇದರಿಂದ ಬರುವ ಭಾಗ್ಯವೇನು, ಇದ್ದವರ ಮಾನ ಹೋಗುವುದಷ್ಟೇ ಎಂದು ಅವಳು ವಾದಿಸಿದಳು. ಹಳೆಯ ಡೆವಲಪರಿನ ವಿಷಯ ಬೇಕಾದರೆ ಬರೆಯೋಣ, ಸುಳ್ಳಿನದು ಬೇಡ ಎಂದು ಚೌಕಾಸಿಗೂ ಇಳಿದಳು.

"ಆ ನೀರು ಕೊಂದದ್ದು ಒಂದು ರೀಲು," ಎಂದ ಅವನು. "ಮಿಕ್ಕ ನೂರಹನ್ನೆರಡನ್ನೂ ಕೊಂದದ್ದು ನನ್ನ ಮಾತು. ತಪ್ಪು ತನ್ನದೇ ಅಂತ ನಂಬ್ಕೊಂಡೇ ಸತ್ತಳಲ್ಲ. ಅದನ್ನೇ ಬರಿ."

ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಮದುವೆಯ ರೀಲಿನವರೆಗೆ ಒಂದಕ್ಷರ ಆಚೀಚೆ ಆಗಲಿಲ್ಲ. 'ನಾನು ಆಕೆಗೆ ಸುಳ್ಳು ಹೇಳಿದೆ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವನು ಗೋಡೆಯ ಕಡೆ ತಿರುಗಿದ್ದ. ಅವಳು ಬರೆದಳು: 'ದ್ರಾವಣ ಹಳತಾಗಿತ್ತೆಂಬುದು ನನಗೆ ಆಗ ತಿಳಿದಿರಲಿಲ್ಲ.'

"ಎಲ್ಲಿ, ಒಂದ್ಸಲ ಓದು."

ಅವಳು ಕಾಗದವನ್ನು ಎತ್ತಿ ಹಿಡಿದು ಓದಿದಳು. ಸುಳ್ಳಿನ ಸಾಲು ಬಂದಾಗಲೂ ಎಲ್ಲಿಯೂ ತಡವರಿಸದೆ, ಅವನು ಹೇಳಿದ್ದನ್ನು ಹೇಳಿದಂತೆಯೇ, ಕಾಗದದ ಮೇಲೆ ಇಲ್ಲದ್ದನ್ನು ಓದಿದಳು.

ಅವನು ದೀರ್ಘವಾಗಿ ಉಸಿರು ಬಿಟ್ಟ. "ನನ್ನ ಕೈಯಲ್ಲಿ ಇದು ಆಗ್ತಿರಲಿಲ್ಲ. ನೀನಿದ್ದೆ, ಆಯ್ತು. ಸಹಿ ಎಲ್ಲಿ ಹಾಕ್ಲಿ?"

ಅವನ ಬೆರಳು ಹಿಡಿದು ಕೊನೆಯ ಸಾಲಿನ ಕೆಳಗೆ ಇಟ್ಟಳು. ಅವನು ನಿಧಾನವಾಗಿ ಸಹಿ ಹಾಕಿದ.

"ಸರಿಯಾಗಿ ಬಂತಾ?"

"ಬಂತು," ಎಂದಳು ಅವಳು.