ಟೋಟೋದ ಹಳೇ ಬ್ಯಾಟರಿಗಳು

ಕಸ್ಬಾದ ಆ ಗಲ್ಲಿಗೆ ಮಾಲತಿಯನ್ನು ಕರೆತಂದವಳೇ ಶೋಭನಾ. ಮಾಲತಿ ಟೋಟೋ ಓಡಿಸುತ್ತಿದ್ದಳು, ಬ್ಯಾಟರಿಯ ಮೇಲೆ ನಡೆಯುವ ಮೂರು ಗಾಲಿಯ ಗಾಡಿ. ಧಾರವಾಡದಿಂದ ಈ ಬಂಗಾಳಿ ನಗರಕ್ಕೆ ಬಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ರಸಾಯನಶಾಸ್ತ್ರ ಕಲಿಸುತ್ತಿದ್ದ ಶೋಭನಾ, ತನ್ನ ಪೆಟ್ರೋಲ್ ಸ್ಕೂಟರ್ ಮಾರಿ, ಮಗಳು ಖುಷಿಯನ್ನು ಆ ಟೋಟೋದಲ್ಲಿ ಶಾಲೆಗೆ ಕಳಿಸತೊಡಗಿದ್ದಳು. ಹೊಗೆಯಿಲ್ಲ, ಸದ್ದಿಲ್ಲ ಎಂದು ಅಕ್ಕಪಕ್ಕದವರಿಗೂ ಹೇಳಿ ಒಪ್ಪಿಸಿದ್ದಳು. ಈಗ ಗಲ್ಲಿಯ ಅರ್ಧ ಮಕ್ಕಳು ಮಾಲತಿಯ ಗಾಡಿಯಲ್ಲೇ ಹೋಗುತ್ತಿದ್ದರು, ಅವಳನ್ನು ಬಂಗಾಳಿಯಲ್ಲಿ 'ಮಾಶಿ', ಚಿಕ್ಕಮ್ಮ, ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಶೋಭನಾ ನಗರದ ಪೂರ್ವದಂಚಿನ ಕೆರೆಗಳ ಕೆಸರನ್ನು ಪರೀಕ್ಷಿಸುತ್ತಿದ್ದಳು. ಒಂದು ಕೆರೆಯ ಕೆಸರಿನಲ್ಲಿ ಸೀಸ ವಿಪರೀತ ಕಂಡಿತು. ಯಂತ್ರದ ತಪ್ಪಿರಬೇಕೆಂದು ಮತ್ತೊಮ್ಮೆ ಮಾಡಿಸಿದಳು. ಅದೇ ಫಲಿತಾಂಶ. ಕೊನೆಗೆ ತಾನೇ ನೋಡಿಬರಲು ಹೋದಳು.

ಕೆರೆಯ ಹಿಂದೆ ಒಂದು ತಗಡಿನ ಶೆಡ್ಡು. ಒಳಗೆ ಇಬ್ಬರು ಕೊಡಲಿಯಿಂದ ಹಳೇ ಬ್ಯಾಟರಿಗಳನ್ನು ಸೀಳುತ್ತಿದ್ದರು. ಆಸಿಡ್ ಚರಂಡಿಗಿಳಿದು ನೇರ ಕೆರೆಗೆ ಹೋಗುತ್ತಿತ್ತು. ಮೂಲೆಯ ಬಾಣಲೆಯಲ್ಲಿ ಸೀಸ ಕರಗುತ್ತಿತ್ತು. ಆ ಹೊಗೆಗೆ ಶೋಭನಾ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂತಿರುಗಿದಳು. ಹೊರಗೆ ನಿಂತಿದ್ದ ಹಸಿರು ಟೋಟೋ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು.

"ಬೌದಿ, ನೀವೇನು ಇಲ್ಲಿ?" ಎಂದಳು ಮಾಲತಿ, ಅತ್ತಿಗೆ ಎಂದು ಕರೆಯುವ ಆ ಬಂಗಾಳಿ ಮಾತಿನಲ್ಲೇ ನಗುತ್ತ. "ಬ್ಯಾಟರಿ ಬದಲಾಯಿಸೋಕೆ ಬಂದೆ. ಹಳೇದನ್ನ ಇವರೇ ತಗೋತಾರೆ, ರಿಪೇರಿ ಮಾಡಿದ್ದು ಕೊಡ್ತಾರೆ. ಹತ್ತಿ, ಮನೆಗೆ ಬಿಡ್ತೀನಿ."

ಶೋಭನಾ ಹತ್ತಿದಳು. ಬೇರೆ ದಾರಿಯೇ ಹೊಳೆಯಲಿಲ್ಲ. ಟೋಟೋ ಸದ್ದಿಲ್ಲದೆ ಸಾಗಿತು. ದಾರಿಯುದ್ದಕ್ಕೂ ಮಾಲತಿ ಮಗನ ಚಿತ್ರಕಲೆಯ ಬಗ್ಗೆ ಹೇಳುತ್ತಿದ್ದಳು. ಶೋಭನಾಳಿಗೆ ಒಂದು ಮಾತೂ ತಲೆಗಿಳಿಯಲಿಲ್ಲ.

ಊಟದ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದಳು. ಪ್ರಸನ್ನ ರೈಲ್ವೆಯಲ್ಲಿ ಕಲ್ಲಿದ್ದಲು ಗಾಡಿಗಳ ಓಡಾಟ ನೋಡಿಕೊಳ್ಳುತ್ತಿದ್ದ.

"ಮತ್ತ ಈಗ ಏನ್ ಮಾಡ್ತೀ? ವಾಪಸ್ ಪೆಟ್ರೋಲ್ ಸ್ಕೂಟರ್ ತಗೋತೀಯೇನು?"

"ಅದೂ ಬ್ಯಾಡ. ಆದ್ರ ಆ ಕೆರಿ ನೋಡಿದ್ರ ನೀವು ಹಿಂಗ ಕೇಳ್ತಿರ್ಲಿಲ್ಲ."

"ಟೋಟೋಕ್ಕ ಕರೆಂಟ್ ಎಲ್ಲಿಂದ ಬರ್ತದ? ನಾ ಕಳಿಸೋ ಕಲ್ಲಿದ್ದಲಿನಿಂದನ. ಹೊಗಿ ನಮ್ಮ ಗಲ್ಲ್ಯಾಗ ಇಲ್ಲ, ಅಷ್ಟ."

"ಹಂಗಂದ್ರ ನಾ ಮಾಡಿದ್ದೆಲ್ಲಾ ತಪ್ಪೇನು?"

"ತಪ್ಪಂತ ನಾ ಎಲ್ಲಿ ಅಂದೆ. ನನಗೂ ಗೊತ್ತಾಗವಲ್ದು" ಎಂದು ಪ್ರಸನ್ನ ತಟ್ಟೆ ಎತ್ತಿಕೊಂಡು ಎದ್ದ.

ಮರುದಿನ ಅವಳು ಅಧಿಕಾರಿಗಳಿಗೆ ದೂರು ಕೊಟ್ಟಳು. ಕೆಲವು ದಿನಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಮುಂದಿನ ವಾರದಲ್ಲೇ ಮಾಲತಿಯ ಟೋಟೋ ನಡುದಾರಿಯಲ್ಲಿ ನಿಂತುಹೋಗಿ, ಮಕ್ಕಳೆಲ್ಲ ನಡೆದು ಶಾಲೆ ಸೇರಿದರು. ಸಂಜೆ ಮಾಲತಿ ಮನೆಗೇ ಬಂದಳು.

"ರಿಪೇರಿ ಬ್ಯಾಟರಿ ಕೈಕೊಟ್ಟಿತು ಬೌದಿ. ಗ್ಯಾರಂಟಿ ಕೊಟ್ಟ ಆ ಶೆಡ್ಡಿನವನು ಅಲ್ಲಿ ಮುಚ್ಚಿ ಕಾಲುವೆ ಆಚೆ ಮತ್ತೆ ಶುರು ಮಾಡಿದಾನಂತೆ. ಯಾರೋ ದೂರು ಕೊಟ್ಟರಂತೆ."

ಶೋಭನಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನೇ ಕೊಟ್ಟಿದ್ದು ಮಾಲತಿ" ಎಂದಳು ತನ್ನ ಹರುಕು ಬಂಗಾಳಿಯಲ್ಲಿ. "ಆ ಕೆರೆ ತುಂಬ ಸೀಸ ಇದೆ. ವಿಷ ಅದು."

"ಆ ಕೆರೆಯ ಮೀನನ್ನೇ ನಾವು ತಿನ್ನೋದು" ಎಂದಳು ಮಾಲತಿ. "ಅವತ್ತು ನನ್ನ ಗಾಡಿಯಲ್ಲೇ ಬಂದಿರಿ. ನನಗೆ ಮೊದಲು ಯಾಕೆ ಹೇಳಲಿಲ್ಲ?"

ಶೋಭನಾ ದೂರಿನಲ್ಲಿ ಏನು ಬರೆಯಬೇಕೆಂಬುದನ್ನೆಲ್ಲ ಯೋಚಿಸಿದ್ದಳು. ಇವಳಿಗೆ ಹೇಳಬೇಕೆಂಬುದು ಮಾತ್ರ ಮನಸ್ಸಿಗೇ ಬಂದಿರಲಿಲ್ಲ.

"ತಪ್ಪಾಯ್ತು" ಎಂದಳು. "ನಾಳೆ ನಿನ್ನ ಮಗನ್ನ ಕರ್ಕೊಂಡು ಬಾ. ರಕ್ತ ಪರೀಕ್ಷೆ ಮಾಡ್ಸೋಣ."

ಮಾಲತಿ ತಿರುಗಿ ನಡೆದಳು. ಆದರೆ ಬೆಳಿಗ್ಗೆ ಮಗನೊಂದಿಗೆ ಬಂದಳು. ಎರಡು ದಿನದ ಮೇಲೆ ಬಂದ ವರದಿಯಲ್ಲಿ ಅವನ ರಕ್ತದ ಸೀಸ ಇರಬಹುದಾದುದಕ್ಕಿಂತ ಹೆಚ್ಚಿತ್ತು. ಆ ಮೀನು ನಿಲ್ಲಿಸಿ, ಬರೆದ ಔಷಧ ಕೊಟ್ಟು, ಮುಂದಿನ ತಿಂಗಳು ಮತ್ತೆ ತೋರಿಸಿ ಎಂದರು ವೈದ್ಯರು. ಮಾಲತಿ ತಲೆಯಾಡಿಸಿದಳು. ಹಿಂತಿರುಗುವಾಗ ಬಸ್ಸಿನಲ್ಲಿ ಶೋಭನಾಳ ಪಕ್ಕದಲ್ಲೇ ಕೂತಳು, ಆದರೆ ಮುಖ ಕಿಟಕಿಯತ್ತಲೇ ಇತ್ತು.

ಸೋಮವಾರ ಗಲ್ಲಿಯಲ್ಲಿ ಮತ್ತೆ ಟೋಟೋದ ಗಂಟೆ ಕೇಳಿಸಿತು.

"ಅಮ್ಮಾ, ಮಾಲತಿ ಮಾಶಿ ಇಸ್ ಹಿಯರ್" ಎಂದು ಖುಷಿ ಬ್ಯಾಗು ಎಳೆದುಕೊಂಡು ಓಡಿದಳು.

ಶೋಭನಾ ಹಿಂದೆಯೇ ಹೋದಳು. ಸೀಟಿನ ಕೆಳಗೆ ಬೇರೆ ಬ್ಯಾಟರಿಗಳಿದ್ದವು.

"ಎಲ್ಲಿಂದ ತಂದೆ?"

"ಕಾಲುವೆ ಆಚೆಯಿಂದ" ಎಂದಳು ಮಾಲತಿ, ಅವಳ ಕಣ್ಣನ್ನೇ ನೋಡುತ್ತ. "ಹೊಸದು ಕೊಳ್ಳೋಕೆ ನನ್ನಿಂದ ಆಗಲ್ಲ. ಗಾಡಿ ನಿಂತರೆ ಮಗನ ಔಷಧ ಹೇಗೆ ತರಲಿ? ನೀವೇ ಹೇಳಿ ಬೌದಿ."

ಖುಷಿ ಆಗಲೇ ಹತ್ತಿ ಕೂತು ಗೆಳತಿಗೆ ಜಾಗ ಹಿಡಿದಿದ್ದಳು. ಅವಳನ್ನು ಇಳಿಸಲೋ, ಬಿಡಲೋ ತಿಳಿಯದೆ ಶೋಭನಾ ಗಾಡಿಯ ಕಂಬಿ ಹಿಡಿದು ನಿಂತಳು. ಹಿಂದಿನಿಂದ ಒಂದು ಆಟೋ ಹಾರ್ನ್ ಹೊಡೆಯಿತು. ಅವಳು ಕೈ ಬಿಟ್ಟಳು. ಟೋಟೋ ಮುಂದೆ ಹೋಯಿತು.