ಎಡಭುಜ

ಜಡೆಸ್ವಾಮಿ ಈಗ ಸೋತವರ ಮೇಲೆ ಬದುಕುತ್ತಾನೆ. ಮೊದಲು ಅವನೇ ಪೈಲ್ವಾನ. ಮೈಸೂರು, ಕೊಯಮತ್ತೂರು, ಈರೋಡು ಎಂದು ದುಡ್ಡಿಗೆ ಕುಸ್ತಿ ಆಡಿದವನು. ಮೊಣಕಾಲು ಹೋದ ಮೇಲೆ ತಾಳವಾಡಿಗೆ ಮರಳಿ ಮೈಕು ಹಿಡಿದ. ಅಖಾಡದಲ್ಲಿ ಯಾರಾದರೂ ಅಂಗಾತ ಬಿದ್ದರೆ, "ಆಸ್ಗೆ ತಂದ್ಕೊಡ್ರಪ್ಪ, ನಮ್ ಸುಂದ್ರ ಮಲೀಕಳ್ಲಿ!" ಎಂದು ಬಿದ್ದವನಿಗೆ ಹಾಸಿಗೆ ಕೇಳುತ್ತಿದ್ದ. ಜನ ಕುಸ್ತಿಗಿಂತ ಇದಕ್ಕೇ ಬರುತ್ತಿದ್ದರು.

ಈ ಸಲ ಮುಸುಕಿನ ಜೋಳ ಕೊಯ್ದ ಹೊಲದಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ಇತ್ತು. ಅವನ ಮಗಳು ಲೋಕೇಶ್ವರಿಗೆ ಅದು ಮೊದಲನೆಯದು. ಬೈಕಿನಲ್ಲಿ ಬರುವಾಗ ಹಿಂದಿನಿಂದ ಹೇಳಿದ್ದಳು: "ನಾ ಬಿದ್ರೆ ನನ್ಗೂ ಅಂಗೇ ಆಡ್ಕಳಪ್ಪ. ಬುಟ್ಬುಡ್ಬ್ಯಾಡ."

"ನೀ ಯಾಕ್ ಬಿದ್ದೀಯೆ, ಸುಮ್ಕಿರಮ್ಮಿ."

ಅವಳು ಬಿದ್ದಳು. ಪಣಕಹಳ್ಳಿಯ ಹುಡುಗಿ ಸೊಂಟ ಹಿಡಿದು ಎತ್ತಿ ಹಾಕಿದಳು. ಎರಡೂ ಭುಜ ಮಣ್ಣಿಗೆ ತಾಗಿದರೆ ಸೋಲು; ಅವಳ ಎರಡೂ ಭುಜ ಕೆಮ್ಮಣ್ಣಿಗೆ ತಾಗಿದ್ದನ್ನು ಜಡೆಸ್ವಾಮಿ ಕಣ್ಣಾರೆ ಕಂಡ. ತೀರ್ಪುಗಾರ ಚಿಕ್ಕಬಸಪ್ಪ ಇನ್ನೊಂದು ಮಗ್ಗುಲಲ್ಲಿ ಆಗಷ್ಟೇ ಬಗ್ಗುತ್ತಿದ್ದ.

"ಆಸ್ಗೆ ಕೇಳಣ್ಣೋ!" ಗುಂಪಿನಿಂದ ಯಾರೋ ಕೂಗಿದರು. "ಮಗಳ್ಗೆ ಅಂತ ದಿಂಬೂ ಕೊಡ್ಸು!" ನಗು ಎದ್ದಿತು.

ಜಡೆಸ್ವಾಮಿ ಮೈಕನ್ನು ತುಟಿಗೆ ಒತ್ತಿದ. "ಎಡಭುಜ ತಾಗಿಲ್ಲ! ನಾ ನೋಡಿವ್ನಿ. ಕುಸ್ತಿ ಮುಗ್ದಿಲ್ಲ!"

ಅಷ್ಟು ದೊಡ್ಡ ದನಿಯ ಎದುರು ಚಿಕ್ಕಬಸಪ್ಪ ಸೋಲೆಂದು ಮಾಡಹೊರಟಿದ್ದ ಕೈಸನ್ನೆಗೆ ಏನು ಬೆಲೆ? "ಪೈಲ್ವಾನ್ರೇ ಅಂದ್ಮೇಲೆ ಆಯ್ತು ಬುಡಿ" ಎಂದು ಇಬ್ಬರನ್ನೂ ಮತ್ತೆ ನಿಲ್ಲಿಸಿದ. ಪಣಕಹಳ್ಳಿಯ ಹುಡುಗಿ ಮೈಕಿನ ಕಡೆ ನೋಡುತ್ತಲೇ ಇದ್ದಳು.

ಶಿಳ್ಳೆ ಆಯಿತು. ಲೋಕೇಶ್ವರಿ ಅಖಾಡದ ನಡುವಿಗೆ ಬಂದಳು. ಆ ಹುಡುಗಿ ಕೈ ಹಾಕುವ ಮೊದಲೇ ತಾನಾಗಿ ಅಂಗಾತ ಮಲಗಿ, ಎಡಭುಜವನ್ನು ಮಣ್ಣಿಗೆ ಒತ್ತಿ ಹಿಡಿದಳು.

"ಈಗ ತಾಗ್ತಾ, ಅಪ್ಪ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಮುಖ ಇಟ್ಟುಕೊಳ್ಳಲು ಒಂದು ಜಾಗ ಸಿಗುತ್ತಿತ್ತು.

"ಗೆದ್ದೋರ್ ಎಸ್ರು ಯೋಳಿ, ಪೈಲ್ವಾನ್ರೇ" ಎಂದ ಚಿಕ್ಕಬಸಪ್ಪ.

ಕುಸ್ತಿಗೆ ಮೊದಲು ಮೈಕಿನಲ್ಲಿ ಮಗಳನ್ನು ಹೊಗಳುವ ಭರದಲ್ಲಿ ಆ ಹುಡುಗಿಯ ಹೆಸರನ್ನು ಅವನು ಕೇಳಿಕೊಂಡೇ ಇರಲಿಲ್ಲ. ಮೈಕು ಆರಿಸುವುದನ್ನೂ ಮರೆತು ಬಗ್ಗಿದ: "ನಿನ್ನೆಸ್ರೇನವ್ವ?" ಹೊಲದ ಮೂಲೆಮೂಲೆಯಲ್ಲೂ ಅದು ಕೇಳಿಸಿತು.

ಹುಡುಗಿ ಅವನಿಗೆ ಬೆನ್ನು ಹಾಕಿದಳು. ಕೈ ಚಾಚಿ ಲೋಕೇಶ್ವರಿಯನ್ನು ಎಬ್ಬಿಸಿದಳು. ಮಗಳೇ ಹೇಳಿದಳು: "ರಂಜಿತ."

ಅವನು ಆ ಹೆಸರು ಹೇಳಿದ. ಮೈಕು ಎದೆಮಟ್ಟಕ್ಕೆ ಇಳಿದಿತ್ತು.

"ಕೇಳ್ನಿಲ್ಲ ಕಣಣ್ಣೋ!" ಪಣಕಹಳ್ಳಿಯವರು ಎದ್ದು ನಿಂತು ಕೂಗಿದರು. "ಜೋರಾಗ್ ಯೋಳು!"

ಜಡೆಸ್ವಾಮಿ ಗಂಟಲು ಸರಿ ಮಾಡಿಕೊಂಡು ಮೈಕನ್ನು ಮತ್ತೆ ತುಟಿಗೆ ಒತ್ತಿದ.