ಮಿರಾನಳ ಸ್ನಾನದ ಬುಟ್ಟಿಯಲ್ಲಿದ್ದ ಲೆನ್ಸ್ ಡಬ್ಬಿ

ಮಿರಾನಳ ಬಲಗಣ್ಣು ಮೂರು ದಿನದಿಂದ ಕೆಂಪಗಿತ್ತು. ದಕ್ಷಿಣ ಕೊರಿಯಾದ ದೇಗು ನಗರದ ಗುಡ್ಡದ ಓಣಿಗಳಲ್ಲಿ ಪುಟ್ಟ ಬಸ್ಸು ಓಡಿಸುವವಳು ಅವಳು. ಮುದುಕಿಯರು ಹತ್ತಿ, ಚೀಲ ಇಳಿಸಿ, ಸರಿಯಾಗಿ ಕೂತ ಮೇಲೆಯೇ ಬಸ್ಸು ಬಿಡುತ್ತಿದ್ದಳು. ಬರುವ ಗುರುವಾರ ಕಂಪನಿಯಲ್ಲಿ ಚಾಲಕರ ಕಣ್ಣಿನ ಪರೀಕ್ಷೆಯಿತ್ತು. ಅದರಲ್ಲಿ ತೇರ್ಗಡೆಯಾಗದಿದ್ದರೆ ಬಸ್ಸು ಕೈತಪ್ಪುತ್ತಿತ್ತು.

ಶನಿವಾರ ಬೆಳಗ್ಗೆ ಎಂದಿನಂತೆ ಬುಟ್ಟಿ ಹಿಡಿದು ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋದಳು. ಪಕ್ಕದ ಮನೆಯ ಉನ್‌ಸಿಲ್ ಆಗಲೇ ಬಂದಿದ್ದಳು. ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಒಬ್ಬರ ಬೆನ್ನು ಒಬ್ಬರು ಉಜ್ಜುವುದು ಇಬ್ಬರಿಗೂ ರೂಢಿ.

"ಏನೇ, ರಾತ್ರಿಯೆಲ್ಲ ಅಳ್ತಿದ್ಯಾ? ಗಂಡ ಬೈದನಾ?"

"ಅವರೆಲ್ಲಿ ಬೈತಾರೆ ಅಕ್ಕ, ಬೈಸ್ಕೊಳ್ಳೋರೇ ಅವರು! ಧೂಳು ಬಿದ್ದಿರ್ಬೇಕು, ಬಿಡು."

"ನೋವಿದೆಯಾ?"

"ಬೆಳಕು ಕಂಡ್ರೆ ಚುಚ್ಚತ್ತೆ. ಗುರುವಾರ ಕಳೀಲಿ. ಈಗ ಡಾಕ್ಟರ್ ಹತ್ರ ಹೋದ್ರೆ ಕಂಪನಿಗೆ ಗೊತ್ತಾಗಿಬಿಡತ್ತೆ."

ಉನ್‌ಸಿಲ್ ಬುಟ್ಟಿಯತ್ತ ನೋಡಿದಳು. ಶ್ಯಾಂಪೂ, ಮೈ ಉಜ್ಜುವ ಬಟ್ಟೆಗಳ ನಡುವೆ ಕರಡಿ ಮುಖದ ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿ ನೆನೆಯುತ್ತ ಬಿದ್ದಿತ್ತು.

"ಇದು ಎಷ್ಟು ದಿನದ್ದು?"

"ಎರಡು ವರ್ಷ ಆಯ್ತು. ಯಾಕೆ ಹಾಗೆ ನೋಡ್ತೀಯ? ವಾರವಾರ ಇಲ್ಲಿಯ ಸುಡುಸುಡು ನೀರಲ್ಲಿ ತೊಳೀತೀನಿ. ಮುಚ್ಚಳ ಬಿಗಿಯಾಗಿ ಹಾಕ್ತೀನಿ. ಲೆನ್ಸ್ ನೆನೆಸೋ ಸಲ್ಯೂಷನ್ ಕೂಡ ಚೆಲ್ಲಲ್ಲ, ಇದ್ದದ್ದರ ಮೇಲೇ ನಾಲ್ಕು ಹನಿ ಹಾಕ್ತೀನಿ."

ಉನ್‌ಸಿಲ್ ನಗಲಿಲ್ಲ. ಮೊದಲು ಗೆಳತಿಯ ಬೆನ್ನ ಮೇಲಿನ ಸೋಪು ತೊಳೆದಳು. ಆಮೇಲೆ ಡಬ್ಬಿ ಬಿಚ್ಚಿ, "ಬೆರಳು ಹಾಕು" ಅಂದಳು.

ಒಳಗೆ ಜಾರುತ್ತಿತ್ತು.

"ಮನೇಲಿ ಬಾರ್ಲಿ ನೀರು ಕುದಿಸಿ ಬಾಟ್ಲಿಗೆ ತುಂಬ್ತೀಯಲ್ಲ. ನಿನ್ನೆದು ತಳದಲ್ಲಿ ಉಳಿದಿದ್ರೆ ಅದರ ಮೇಲೇ ಇವತ್ತಿಂದು ಸುರೀತೀಯಾ?"

"ಛೀ! ಬಾಟ್ಲಿ ಲೋಳೆ ಕಟ್ಟಲ್ವಾ…" ಮಿರಾನ್ ಲೋಳೆ ಹತ್ತಿದ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ಕೇಳಿದಳು: "ಬಿಸಿನೀರಲ್ಲಿ ತೊಳೆದ್ರೂ ಹೀಗಾಗತ್ತಾ?"

"ಬಿಸಿಯೋ ತಣ್ಣಗೋ, ನಲ್ಲಿ ನೀರು ಲೆನ್ಸಿಗೂ ಬೇಡ, ಡಬ್ಬಿಗೂ ಬೇಡ. ಕಣ್ಣು ಕೆಡಿಸೋ ಜೀವಿಗಳು ಅದರಲ್ಲಿರಬಹುದು. ನಿನ್ನ ಬುಟ್ಟಿ ಮನೇಲಿದ್ರೂ ಬಚ್ಚಲಲ್ಲೇ ಇರೋದು. ಈ ಕರಡಿ ಒಂದು ದಿನಾನಾದ್ರೂ ಒಣಗಿದ್ದುಂಟಾ?"

"ಗುರುವಾರ ಏನ್ಮಾಡ್ಲಿ ಅಕ್ಕ? ಬಸ್ಸು ಹೋಗತ್ತೆ."

"ಕರಿಗುಡ್ಡೆ ಮೇಲೆ ಹುಣ್ಣಾದ್ರೆ ಕಣ್ಣೇ ಹೋಗತ್ತೆ. ಏಳು, ಬಟ್ಟೆ ಹಾಕ್ಕೋ. ಡಬ್ಬಿ ಬಿಸಾಕ್ಬೇಡ, ಡಾಕ್ಟರಿಗೆ ತೋರಿಸ್ಬೇಕು."

ಮಿರಾನಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದು, ಆ ದಿನ ಉನ್‌ಸಿಲ್ ಅಂಗಡಿಗೆ ಎರಡು ಗಂಟೆ ತಡವಾಗಿ ಹೋದಳು. ಆ ಮಾತನ್ನು ಆಮೇಲೆ ಒಮ್ಮೆಯೂ ಎತ್ತಲಿಲ್ಲ.

ಹುಣ್ಣು ಆಗತಾನೆ ಶುರುವಾಗಿತ್ತು. "ಬೇಗ ಬಂದಿರಿ, ಒಳ್ಳೇದಾಯ್ತು" ಎಂದರು ವೈದ್ಯೆ. ಗಂಟೆಗೊಮ್ಮೆ ಔಷಧಿಯ ಹನಿ. ಅವರು ಹೇಳುವವರೆಗೆ ಲೆನ್ಸೂ ಇಲ್ಲ, ಬಸ್ಸೂ ಇಲ್ಲ. ಮಿರಾನ್ ತಾನೇ ಕಂಪನಿಗೆ ಫೋನ್ ಮಾಡಿದಳು. ಮ್ಯಾನೇಜರು "ವಾಸಿ ಮಾಡ್ಕೊಂಡು ಬಾಮ್ಮ. ಪರೀಕ್ಷೆ ಮುಂದಿನ ತಿಂಗಳೂ ಇದೆ" ಎಂದರು. ಮುಂದಿನ ತಿಂಗಳು ಕನ್ನಡಕ ಹಾಕಿಕೊಂಡೇ ಪರೀಕ್ಷೆ ಕೊಟ್ಟಳು. ತೇರ್ಗಡೆಯಾದಳು.

ವೈದ್ಯೆ ಮತ್ತೆ ಲೆನ್ಸಿಗೆ ಒಪ್ಪಿದ ದಿನ ಮಿರಾನ್ ತನ್ನಂತೆಯೇ ಲೆನ್ಸ್ ಹಾಕುವ ಮಗಳು ಗಾರಮಳೊಂದಿಗೆ ಉನ್‌ಸಿಲಳ ಅಂಗಡಿಗೆ ಹೋದಳು. ಗಾರಮಳ ಕೈ ನೇರವಾಗಿ ಉದ್ದ ಕಿವಿಯ ಮೊಲದ ಡಬ್ಬಿಗೆ ಹೋಯಿತು.

"ಚಂದ ನೋಡ್ಬೇಡ ಪುಟ್ಟಿ. ಮೂಲೆಗೆಲ್ಲ ಬೆರಳು ಹೋಗತ್ತಾ ನೋಡು" ಎಂದು ಉನ್‌ಸಿಲ್ ಅಗಲ ಬಾಯಿಯ ಸಾದಾ ಡಬ್ಬಿ ತೆಗೆದಳು. ಒಳಗೆ ಬಿಳಿ, ಕೊಳೆ ಕೂತರೆ ತಕ್ಷಣ ಕಾಣುವಂಥದ್ದು. ಎಡಕ್ಕೊಂದು ಬಣ್ಣದ ಮುಚ್ಚಳ, ಬಲಕ್ಕೊಂದು. "ಬೆಳಗ್ಗೆ ಸೋಪಲ್ಲಿ ಕೈ ತೊಳೆದು ಒರೆಸ್ಕೋ. ಲೆನ್ಸ್ ಹಾಕಿದ ಮೇಲೆ ಹಳೇ ಸಲ್ಯೂಷನ್ ಚೆಲ್ಲು. ಹೊಸ ಸಲ್ಯೂಷನ್ ಹಾಕಿ ಡಬ್ಬಿ ಉಜ್ಜಿ ತೊಳೆದು, ಒಣ ಟಿಶ್ಯೂನಲ್ಲಿ ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕು. ಬಚ್ಚಲಲ್ಲಂತೂ ಬೇಡವೇ ಬೇಡ. ಮೂರು ತಿಂಗಳಿಗೆ ಹೊಸದು."

"ಮೂರೇ ತಿಂಗಳಾ? ನನ್ನ ಹಲ್ಲುಜ್ಜೋ ಬ್ರಷ್‌ಗೂ ಇಷ್ಟು ಮರ್ಯಾದೆ ಇಲ್ಲ ಆಂಟಿ!"

"ಅದನ್ನೂ ಬದಲಾಯಿಸು, ಕೊಳಕಿ."

ಆ ಸಂಜೆ ಗಾರಮ್ ತನ್ನ ಮೇಜಿನ ಖಾನೆಯಿಂದ ನಾಲ್ಕು ಹಳೆಯ ಡಬ್ಬಿ ತೆಗೆದು, ಯಾರೂ ಹೇಳದೆಯೇ ಕಸಕ್ಕೆ ಹಾಕಿದಳು.

ಲೆನ್ಸ್ ಹಾಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಹಾಳೆ ಮಡಚುವ ಮೊದಲು ಎದ್ದು ನಿಮ್ಮ ಡಬ್ಬಿ ಎಲ್ಲಿದೆ ನೋಡಿ. ಬಚ್ಚಲಲ್ಲಿದ್ದರೆ ಹೊರಗೆ ತನ್ನಿ. ಒಳಗೆ ಬೆರಳು ಜಾರಿದರೆ ಎಸೆಯಿರಿ. ಮೂರು ತಿಂಗಳಾಗಿದ್ದರೆ ಜಾರದಿದ್ದರೂ ಎಸೆಯಿರಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಮಾತ್ರ ಎಸೆಯಬೇಡಿ. ಲೆನ್ಸ್ ತೆಗೆದು, ಡಬ್ಬಿಯನ್ನೂ ಹಿಡಿದು, ಇವತ್ತೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಕರೆಯಿರಿ. ಬಂದೇ ಬರುತ್ತಾರೆ.